ಕಾಕಾ ನೋಡಿದ ಗಾಡಿ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಈ ಬರಹವೂ ಅವರದೇ ಆಗಿಬಿಡುತ್ತದೆ. ಹಳಿಯಾಳದಲ್ಲಿ ಅವರ ಹೆಸರು ಒಮ್ಮೆ ಅಂಟಿದ ವಸ್ತು ಆಮೇಲೆ ಅದರ ಯಜಮಾನನಿಗೆ ಉಳಿದದ್ದಿಲ್ಲ. ನನ್ನ ಬಾಡಿಗೆ ಮೋಟಾರನ್ನೇ ನೋಡಿ. ಓಡಿಸಿದವನು ನಾನು, ತೊಳೆದವನು ನಾನು, ದಾಂಡೇಲಿ ರಸ್ತೆಯ ಧೂಳು ಕುಡಿದವನು ನಾನು. ಆದರೆ ಸ್ಟ್ಯಾಂಡಿನಲ್ಲಿ ಯಾರನ್ನಾದರೂ ಕೇಳಿ, ‘ಅದೇನ್ರಿ? ಕಾಕಾ ನೋಡಿದ ಗಾಡಿ’ ಎನ್ನುತ್ತಾರೆ. ಕಾಕಾ ತೀರಿಕೊಂಡು ವರ್ಷವಾಗುತ್ತ ಬಂತು. ಗಾಡಿ ಇನ್ನೂ ನನ್ನದಾಗಿಲ್ಲ.

ಕಾಕಾ ನನಗೆ ಸಂಬಂಧದಲ್ಲಿ ಏನೂ ಅಲ್ಲ. ಊರಿಗೆಲ್ಲ ಕಾಕಾ, ಹಾಗಾಗಿ ನನಗೂ ಕಾಕಾ. ವಯಸ್ಸಿನಲ್ಲಿ ನನಗಿಂತ ತುಸು ದೊಡ್ಡವರು, ಅಷ್ಟೆ. ಆದರೂ ನನ್ನನ್ನು ‘ತಮ್ಮಾ’ ಎಂದು ಕರೆಯುತ್ತಿದ್ದರು, ಅದೂ ನಾಲ್ಕು ಜನರ ಮುಂದೆ, ತಲೆ ಸವರುವ ಧಾಟಿಯಲ್ಲಿ. ಪೇಟೆಯಲ್ಲಿ ಅವರದು ತಾಮ್ರ, ಹಿತ್ತಾಳೆ ಪಾತ್ರೆಗಳ ಅಂಗಡಿ. ಅಂಗಡಿಗೆ ಹೋದರೆ ಇಡೀ ಊರು ಅಲ್ಲೇ ಕುಳಿತಿರುತ್ತಿತ್ತು. ಎದುರಿಗೇ ಇದ್ದ ನಮ್ಮಣ್ಣನ ಅಕ್ಕಿ ಅಂಗಡಿಗೆ ಬರುವವರು ಅಕ್ಕಿ ತೂಗಿಸಿಕೊಂಡು, ಚೀಲ ನಮ್ಮಲ್ಲೇ ಇಟ್ಟು, ಹರಟೆಗೆ ಅಲ್ಲಿಗೆ ಹೋಗುತ್ತಿದ್ದರು. ಅವರ ಚೀಲ ಕಾಯುವ ಕೆಲಸ ನನ್ನದು.

ಇಸ್ತ್ರಿ ಮಾಡಿದ ಧೋತರ, ಕರಿ ಟೊಪ್ಪಿಗೆ, ಹಣೆಗೆ ವಿಭೂತಿ, ಕಿವಿಯಲ್ಲಿ ಅತ್ತರು ಹಚ್ಚಿದ ಹತ್ತಿ. ಅವರು ನಮ್ಮ ಮನೆಗೆ ಬಂದು ಹೋದರೆ ಸಂಜೆಯವರೆಗೂ ಪಡಸಾಲೆಯಲ್ಲಿ ಆ ವಾಸನೆ ನಿಲ್ಲುತ್ತಿತ್ತು. ಒಮ್ಮೆ ನಾನೂ ಹುಬ್ಬಳ್ಳಿಯಿಂದ ಅದೇ ಅತ್ತರು ತರಿಸಿ ಕಿವಿಗಿಟ್ಟುಕೊಂಡು ಕೂತೆ. ನನ್ನ ಹೆಂಡತಿ ಒಳಗಿನಿಂದ ಬಂದವಳು ಮೂಗೆಳೆದು, ‘ಕಾಕಾರು ಬಂದಿದ್ರೇನ್ರಿ?’ ಎಂದು ಕೇಳಿದಳು. ಅವರಿಗೆ ಕೊಡುವ ಚಹಾಕ್ಕೆ ಅವಳು ಏಲಕ್ಕಿ ಕುಟ್ಟಿ ಹಾಕುತ್ತಿದ್ದಳು. ನನ್ನ ಚಹಾಕ್ಕೆ ಏಲಕ್ಕಿ ಬಿದ್ದದ್ದು ಅವರ ಜೊತೆ ಕೂತಾಗ ಮಾತ್ರ.

ಪಾತ್ರೆ ಮಾರುವುದು ಅವರ ವ್ಯಾಪಾರವಾದರೆ, ವಿಚಾರಣೆ ಮಾಡುವುದು ಅವರ ಹವ್ಯಾಸ. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ, ತರುವ ಮುಂಚೆ, ನಂಬಿಕೆಯವರೊಬ್ಬರನ್ನು ಆ ಊರಿಗೆ ಕಳಿಸಿ ಮನೆತನ ಹೇಗೆ, ಹುಡುಗ ಹೇಗೆ ಎಂದು ಕೇಳಿಸುವುದು ಇದ್ದೇ ಇದೆ. ಮದುವೆ ಗೊತ್ತಾದವರೆಲ್ಲ ಪಾತ್ರೆಗೆ ಅವರ ಅಂಗಡಿಗೇ ಬರಬೇಕಾದ್ದರಿಂದ ಸುತ್ತಲಿನ ಮನೆಗಳ ಸಂಗತಿಯೆಲ್ಲ ಅವರಿಗೆ ಗೊತ್ತಿತ್ತು. ಹಳೇ ತಾಮ್ರ ಕೊಳ್ಳುವ ನೆಪದಲ್ಲಿ ಅವರು ಯಾವ ಮನೆಯ ಹಿತ್ತಲಿಗೂ ಹೋಗಬಹುದಿತ್ತು. ಹುಡುಗನನ್ನು ಅವರು ಹೆಚ್ಚು ನೋಡುತ್ತಿರಲಿಲ್ಲ. ಅವನ ಸುತ್ತಮುತ್ತ ನೋಡುತ್ತಿದ್ದರು.

ಸಾಂಬ್ರಾಣಿಯ ಒಂದು ಮನೆಗೆ ಹೀಗೇ ಹೋಗಿದ್ದಾಗ ಬಾಗಿಲ ಮುಂದೆ ಜೋಡಿ ಎತ್ತು ಕಟ್ಟಿದ್ದರಂತೆ, ನೋಡಿದರೆ ಕಣ್ಣು ತುಂಬಬೇಕು. ಹೆಣ್ಣಿನ ಕಡೆಯವರು ಅದನ್ನು ನೋಡಿಯೇ ಅರ್ಧ ಒಪ್ಪಿದ್ದರು. ಕಾಕಾ ಎಲೆಯಡಿಕೆ ಹಾಕಿಕೊಂಡು ಹೊತ್ತು ಇಳಿಯುವವರೆಗೂ ಕಟ್ಟೆ ಬಿಟ್ಟು ಏಳಲಿಲ್ಲ. ನೀರು ಕುಡಿಸಲು ಬಿಚ್ಚಿದ ಕೂಡಲೇ ಎತ್ತುಗಳೆರಡೂ ಪಕ್ಕದ ಮನೆಯ ಅಂಗಳಕ್ಕೆ ನಡೆದವು. ‘ಹುಡುಗಂದು ತಪ್ಪಿಲ್ಲ ಬಿಡ್ರಿ. ಎತ್ತಿಗೆ ಹೇಳಿಕೊಡೂದು ಮರತಾರ’ ಎಂದು ನಗುತ್ತ ಎದ್ದು ಬಂದರಂತೆ. ಈ ಕಥೆಯನ್ನು ನಮ್ಮ ಅಂಗಡಿಯ ಮುಂದೆ ಎಷ್ಟು ಸಲ ಹೇಳಿದರೂ ಜನ ಮತ್ತೆ ಮತ್ತೆ ಕೇಳುತ್ತಿದ್ದರು. ನಾನೂ ಒಮ್ಮೆ ಹೇಳಿ ನೋಡಿದೆ. ಒಬ್ಬ ಮಾತ್ರ ನಕ್ಕ, ಅವನೂ ಅಕ್ಕಿ ಉದ್ರಿ ಕೇಳಲು ಬಂದವನು.

ನನ್ನ ಮದುವೆಗೂ ವಿಚಾರಣೆ ಮಾಡಿದವರು ಅವರೇ. ಹೆಣ್ಣಿನ ಕಡೆಯವರು ಮುಂಡಗೋಡದವರು, ಜವಾರಿ ಕಾಳುಕಡಿ ವ್ಯಾಪಾರಸ್ಥರು, ಅವರಿಗೆ ಹಳಿಯಾಳದಲ್ಲಿ ನಂಬಿಕೆಯ ಮನುಷ್ಯ ಎಂದರೆ ಕಾಕಾ. ನನ್ನನ್ನು ನೋಡಲು ಬರುವ ದಿನ ನಮ್ಮವ್ವ ಚಿಕ್ಕಪ್ಪನ ಮಗನ ಕೈಗಡಿಯಾರ ಇಸಿದುಕೊಂಡು ಬಂದು ನನಗೆ ಕಟ್ಟಲು ನೋಡಿದಳು. ನಮ್ಮ ಓಣಿಯ ವರಗಳೆಲ್ಲ ಆ ಗಡಿಯಾರ ಕಟ್ಟಿಕೊಂಡೇ ಪಾಸಾದವರು. ಆದರೆ ಅವನ ಗಡಿಯಾರ ನನ್ನ ಕೈಮೇಲೆ ಟಿಕ್ ಟಿಕ್ ಎನ್ನುವುದನ್ನು ನೆನೆದೇ ನನಗೆ ಮೈ ಉರಿಯಿತು. ಬೇಡವೆಂದು ತಿರುಗಿ ಕೊಟ್ಟೆ. ಬರಿಗೈಯಲ್ಲೇ ಹೋಗಿ ಮುಂಡಗೋಡದವರ ಎದುರು ಕೂತೆ. ಎಲ್ಲ ಮುಗಿದು ಏಳುವಾಗ ಕಾಕಾ ನನ್ನ ಎಡಗೈ ಹಿಡಿದುಕೊಂಡು, ಮುಂಗೈ ತಿರುಗಿಸಿ ನೋಡಿ ಬಿಟ್ಟರು. ಸಂಬಂಧ ಗಟ್ಟಿಯಾಯಿತು. ಮುಂಡಗೋಡದವರಿಗೆ ನನ್ನ ಬಗ್ಗೆ ಅವರು ಏನು ಹೇಳಿದರು ಎಂಬುದು ಮಾತ್ರ ನನಗೆ ತಿಳಿಯಲಿಲ್ಲ. ಮಾವನವರನ್ನು ಕೇಳಿದರೆ ಮೀಸೆಯಲ್ಲೇ ನಗುತ್ತಿದ್ದರು. ಕಾಕಾನನ್ನೇ ಕೇಳಿದ್ದಕ್ಕೆ, ‘ಹೆಣ್ಣು ಕೊಟ್ರಲ್ಲೊ ತಮ್ಮಾ, ಇನ್ನೇನು ಬೇಕು?’ ಎಂದರು.

ದಾಂಡೇಲಿಯಲ್ಲಿ ಕಾಗದದ ಗಿರಣಿ ಶುರುವಾದ ಮೇಲೆ ನಮ್ಮ ರಸ್ತೆಗಳಲ್ಲಿ ಮೋಟಾರು ಓಡಾಟ ಹೆಚ್ಚಿತು. ಧಾರವಾಡ, ಬೆಳಗಾವಿ ಕಡೆಯಿಂದ ಕೆಲಸಕ್ಕೆ ಬಂದವರು, ಅವರನ್ನು ನೋಡಲು ಬರುವ ಬೀಗರು, ಜೊಯಿಡಾದ ಕಚೇರಿಗಳಿಗೆ ಹೋಗುವವರು, ಎಲ್ಲರಿಗೂ ಬಸ್ಸು ಸಾಲುತ್ತಿರಲಿಲ್ಲ. ಕೈಯಲ್ಲಿ ತುಸು ಅನುಕೂಲ ಇದ್ದವರೆಲ್ಲ ಒಂದು ಹಳೇ ಗಾಡಿ ಕೊಂಡು ಬಾಡಿಗೆಗೆ ಬಿಡುವ ಯೋಚನೆಯಲ್ಲಿದ್ದರು. ಬಾಡಿಗೆ ಗಾಡಿಯನ್ನು ವರ್ಷಕ್ಕೊಮ್ಮೆ ಸರಕಾರದ ಇನ್ಸ್‌ಪೆಕ್ಟರರ ಮುಂದೆ ನಿಲ್ಲಿಸಿ, ಬ್ರೇಕು, ದೀಪ, ಗಾಲಿ ತೋರಿಸಿ, ಓಡಲು ಯೋಗ್ಯ ಎಂದು ಬರೆಸಿಕೊಳ್ಳಬೇಕು. ನಾವು ಅದಕ್ಕೆ ಪಾಸಿಂಗ್ ಎನ್ನುತ್ತೇವೆ. ಹಳೇ ಗಾಡಿ ಕೊಳ್ಳುವವರು ಹಿಂದಿನ ವರ್ಷಗಳ ಪಾಸಿಂಗ್ ಕಾಗದ ಕೇಳಿ ನೋಡುತ್ತಿದ್ದರು. ಆಮೇಲೆ ಅದನ್ನು ತಂದು ಕಾಕಾನ ಮುಂದೆ ಹಿಡಿಯುತ್ತಿದ್ದರು. ವರಗಳನ್ನು ನೋಡುತ್ತಿದ್ದ ಮನುಷ್ಯ ಹೀಗೆ ಗಾಡಿಗಳನ್ನೂ ನೋಡತೊಡಗಿದರು.

ಯಂತ್ರದ ವಿಷಯ ಅವರಿಗೆ ಗೊತ್ತಿರಲಿಲ್ಲ, ಇದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಬಾನೆಟ್ ಯಾವ ಕಡೆಯಿಂದ ತೆರೆಯುತ್ತದೆ ಎಂಬುದೂ ತಿಳಿಯದು. ಕೊಡ ಬಾರಿಸಿ ನೋಡಿದ ಹಾಗೆ ಉಂಗುರದ ಬೆರಳಿನಿಂದ ಬಾಗಿಲಿಗೊಮ್ಮೆ ಬಡಿದು ಕಿವಿಗೊಡುತ್ತಿದ್ದರು, ಅದೂ ಬರೀ ನೋಡುವವರಿಗಾಗಿ. ಇಂಜಿನ್ನಿನ ವಿಚಾರ ತಿಳಿದುಕೊಂಡಿದ್ದವನು ನಾನು. ಅಂಗಡಿಯ ಬಿಡುವಿನಲ್ಲಿ ಗ್ಯಾರೇಜಿನಲ್ಲಿ ಕೂತು ಕಲಿತಿದ್ದೆ, ಓಡಿಸುವುದನ್ನೂ ಕಲಿತು ಲೈಸನ್ಸ್ ಮಾಡಿಸಿಕೊಂಡಿದ್ದೆ. ಆದರೆ ಹಳೇ ಗಾಡಿ ಕೊಳ್ಳುವವನು ಒಬ್ಬನಾದರೂ ನನ್ನನ್ನು ಕರೆದದ್ದಿಲ್ಲ.

ಜೊಯಿಡಾದ ಒಂದು ಜೀಪು ನೋಡಲು ಹೋದಾಗ ಅವರು ಮಾಡಿದ್ದಿಷ್ಟೇ. ಚಹಾದಂಗಡಿಯಲ್ಲಿ ಕೂತು, ತಮಗೆ ಬರುವ ಅರೆಬರೆ ಕೊಂಕಣಿಯಲ್ಲಿ ಎಲ್ಲರನ್ನೂ ನಗಿಸಿ, ಆ ಜೀಪಿನಲ್ಲಿ ದಿನಾ ಓಡಾಡುವವರ ಜೊತೆ ತಾವೂ ಹತ್ತಿ ಕೂತರು. ಇಳಿಜಾರು ಬಂದಾಗ ಯಾರೂ ಹೇಳದೆ ಎಲ್ಲರೂ ಇಳಿದು ನಡೆಯತೊಡಗಿದರು. ಕಾಕಾನೂ ಇಳಿದರು, ನಡೆದೇ ವಾಪಸು ಬಂದರು. ‘ಪಾಸಿಂಗ್ ಆಗೂದು ಸಪಾಟ ಜಾಗದಾಗ. ದಿನಾ ಕೂಡೂ ಮಂದಿ ಇಳಿದ್ರಂದ್ರ ನಾನೂ ಇಳಿಯೂದ ಛಲೋ’ ಎಂದರು. ಅದನ್ನೂ ಊರು ವರ್ಷಗಟ್ಟಲೆ ಹೇಳಿಕೊಂಡು ತಿರುಗಿತು.

ಒಮ್ಮೆ ಅವರು ತಪ್ಪಿದರು. ಮುಂಡಗೋಡದ ಡಾಕ್ಟರೊಬ್ಬರು ಕೊಳ್ಳಬೇಕೆಂದಿದ್ದ ಗಾಡಿಯನ್ನು ಕಾಕಾ ಬೇಡವೆಂದರು. ಡಾಕ್ಟರು ಕೇಳದೆ ಕೊಂಡರು, ಗಾಡಿ ಒಂದು ದಿನವೂ ನಿಲ್ಲದೆ ಓಡಿತು. ನನಗೆ ಹಬ್ಬವಾಯಿತು. ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ವಾರದೊಳಗೆ ಕಾಕಾ ಅದೇ ಕಥೆಯನ್ನು ತಾವೇ ತಮ್ಮ ಅಂಗಡಿಯಲ್ಲಿ ಹೇಳತೊಡಗಿದರು. ಡಾಕ್ಟರು ಹಾರ್ನ್ ಬಾರಿಸುತ್ತ ಅಂಗಡಿಯ ಮುಂದೆ ಹಾದು ಹೋದದ್ದು, ತಾವು ಹಂಡೆಯ ಹಿಂದೆ ಅಡಗಿ ಕೂತದ್ದು, ಎಲ್ಲವನ್ನೂ ಅಭಿನಯಿಸಿ ತೋರಿಸಿದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕು, ಎಂಥ ದೊಡ್ಡ ಮನಸ್ಸು ಎಂದರು. ಅವರ ತಪ್ಪೊಂದು ನನ್ನ ಕೈಯಲ್ಲಿತ್ತು, ಅದನ್ನೂ ಕಿತ್ತುಕೊಂಡರು.

ಇನ್ನು ನನ್ನ ಗಾಡಿಯ ವಿಷಯ. ಮನೆಯಲ್ಲಿ ನಾನು ತಮ್ಮ, ಅಣ್ಣನ ಅಂಗಡಿಯಲ್ಲಿ ತಮ್ಮ, ಕಾಕಾನ ಬಾಯಲ್ಲೂ ತಮ್ಮ. ಎಲ್ಲಾದರೂ ಒಂದು ಕಡೆ ನಾನು ಯಜಮಾನನಾಗಬೇಕಿತ್ತು. ದಾಂಡೇಲಿಯ ಕಟ್ಟಿಗೆ ವ್ಯಾಪಾರಿಯೊಬ್ಬ ತನ್ನ ಕರಿ ಬಾಡಿಗೆ ಗಾಡಿ ಮಾರುತ್ತಾನೆಂದು ತಿಳಿದಾಗ ಯಾರಿಗೂ ಹೇಳದೆ ಹೋಗಿ ನೋಡಿದೆ, ಓಡಿಸಿ ನೋಡಿದೆ. ಪಾಸಿಂಗ್ ಕಾಗದಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಎಲ್ಲ ವರ್ಷವೂ ಪಾಸು. ಒಂದು ಆಕ್ಷೇಪಣೆ ಇಲ್ಲ, ಒಂದು ಮರುಪರೀಕ್ಷೆ ಇಲ್ಲ. ಇದಕ್ಕಿಂತ ಶುದ್ಧವಾದ ಚರಿತ್ರೆ ಇನ್ನಾವ ಗಾಡಿಗಿದ್ದೀತು? ಬಂಡವಾಳಕ್ಕೆ ಮುಂಡಗೋಡದ ಮಾವನವರ ಆಸರೆ ಬೇಕಿತ್ತು. ಅವರು ಕಾಗದಗಳನ್ನೆಲ್ಲ ಕನ್ನಡಕ ಹಾಕಿಕೊಂಡು ನೋಡಿ, ಮಡಚಿ ನನ್ನ ಕೈಗೇ ಕೊಟ್ಟು, ‘ಎಲ್ಲಾ ಛಲೋ ಐತಿ, ಅಳಿಯಾರ. ಕಾಕಾಗ ಒಂದ ಸಲ ತೋರಿಸ್ರಿ’ ಎಂದರು. ಬೇರೆ ಯಾರ ಹೆಸರು ಹೇಳಿದ್ದರೂ ನಾನು ಸಹಿಸುತ್ತಿದ್ದೆ.

ದಾಂಡೇಲಿಯ ಬಸ್ಸಿನಲ್ಲಿ ಕಾಕಾಗೆ ಕಿಟಕಿಯ ಪಕ್ಕ ಜಾಗ ಬಿಟ್ಟುಕೊಟ್ಟರು. ನನಗೆ ಅವರ ಕೊಡೆ ಹಿಡಿದುಕೊಂಡು ನಿಲ್ಲುವ ಕೆಲಸ. ದಾರಿಯಲ್ಲಿ ಕಾಗದಗಳ ಬಗ್ಗೆ ಕೇಳಿದರು. ಹೇಳಿದೆ.

‘ಒಂದ ಸಲಾನೂ ನಾಪಾಸ ಆಗಿಲ್ಲೇನು? ಈ ಅಡವಿ ರಸ್ತೇದಾಗ ಓಡಿದ ಗಾಡಿ?’

ಇಲ್ಲವೆಂದು ಹೆಮ್ಮೆಯಿಂದ ಹೇಳಿದೆ. ಅವರು ಎಲೆಗೆ ಸುಣ್ಣ ಸವರುತ್ತ, ‘ನಂದಾಗಿದ್ರ ಒಂದೆರಡ ಸಲ ಆಗ್ತಿತ್ತ ನೋಡು’ ಎಂದರು.

ವ್ಯಾಪಾರಿ ಗಾಡಿಯನ್ನು ತೊಳೆದು, ಎಣ್ಣೆ ಒರೆಸಿ ಮನೆಯ ಮುಂದೆ ನಿಲ್ಲಿಸಿದ್ದ. ಕಾಕಾ ಅದನ್ನು ಸರಿಯಾಗಿ ನೋಡಲೂ ಇಲ್ಲ. ನೀರು ಬೇಕೆಂದು ಹೇಳಿ ಮನೆಯ ಬಗಲಿಗೆ ನಡೆದರು. ಅಲ್ಲಿ ವ್ಯಾಪಾರಿಯ ಅಣ್ಣನ ಮನೆ. ಅಂಗಳದಲ್ಲಿ ಇನ್ನೊಂದು ಕರಿ ಗಾಡಿ, ತಮ್ಮನ ಗಾಡಿಯದೇ ಅಚ್ಚು. ಅಣ್ಣತಮ್ಮ ಒಂದೇ ಕಡೆ, ಒಂದೇ ಹೊತ್ತಿಗೆ ಕೊಂಡದ್ದಂತೆ. ಕಟ್ಟೆಯ ಮೇಲೆ ಅವರ ತಾಯಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು. ಕಾಕಾ ಟೊಪ್ಪಿಗೆ ತೆಗೆದಿಟ್ಟು ಪಕ್ಕದಲ್ಲಿ ಕೂತು, ತಾವೂ ಒಂದು ಹಿಡಿ ಅಕ್ಕಿ ತೆಗೆದುಕೊಂಡು ಹರಳು ಆರಿಸತೊಡಗಿದರು. ಮುದುಕಿಯ ಮೊಣಕಾಲು ನೋವು, ಸೊಸೆಯಂದಿರು, ಗಿರಣಿಯ ನೀರು ಕುಡಿದು ಕೆಟ್ಟ ಎಮ್ಮೆ, ಎಲ್ಲ ಮಾತಾಯಿತು. ನಾನು ಕೊಡೆ ಹಿಡಿದು ನಿಂತೇ ಇದ್ದೆ. ಗೋಡೆಯ ಬದಿಗೆ ನಾಲ್ಕು ಚಪ್ಪಟೆ ಕಲ್ಲುಗಳನ್ನು ಒರಗಿಸಿಟ್ಟಿದ್ದರು, ಎಣ್ಣೆ ಹಿಡಿದು ಕಪ್ಪಗಾಗಿದ್ದವು. ಹಿಂದಿನ ಸಲ ಬಂದಾಗಲೇ ನಾನು ಅವನ್ನು ನೋಡಿದ್ದೆ. ಕಾಕಾಗಿಂತ ಮೊದಲು ನೋಡಿದವನು ನಾನೇ.

‘ಈ ಕಲ್ಲು ಅರಿವಿ ಒಗ್ಯಾಕೇನ್ರಿ, ಅವ್ವಾರ?’ ಎಂದರು ಕಾಕಾ.

‘ಅರಿವಿ ಒಗ್ಯಾಕಲ್ಲಪಾ, ಪಾಸಿಂಗ್ ದಿವ್ಸಕ್ಕ’ ಎಂದಳು ಮುದುಕಿ. ‘ಸಣ್ಣಾವನ ಗಾಡಿ ಪಾಸಿಂಗಿಗೆ ಹೋಗೂ ದಿನ ದೊಡ್ಡಾವನ ಗಾಡಿ ಈ ಕಲ್ಲಿನ ಮ್ಯಾಲ ಕುಂದರತೈತಿ. ಗಾಲಿ, ದೀಪ, ಬ್ಯಾಟ್ರಿ ಎಲ್ಲಾ ಬಿಚ್ಚಿ ತಮ್ಮಗ ಕೊಡ್ತಾನ, ಸಂಜಿಗೆ ತಿರುಗಿ ಹಾಕ್ಕೋತಾನ. ಈ ವರ್ಷ ಕೊಡೂದಿಲ್ಲ ಅಂದಬಿಟ್ಟಾನ. ಅದಕ್ಕ ಇಬ್ಬರೂ ಮಾತು ಬಿಟ್ಟಾರ. ನೀನರ ಒಂದೀಟು ಬುದ್ಧಿ ಹೇಳಪಾ.’

ಗುಟ್ಟು ಬಿಟ್ಟುಕೊಡುತ್ತಿದ್ದೇನೆಂಬ ಅರಿವೂ ಅವಳಿಗಿರಲಿಲ್ಲ, ಮಕ್ಕಳ ಜಗಳ ಹೇಳಿಕೊಂಡು ಅಳುತ್ತಿದ್ದಳು. ಕಾಕಾ ಹೇಳುತ್ತೇನೆಂದು ಸಮಾಧಾನ ಮಾಡಿ, ಅವಳು ಕೊಟ್ಟ ಮಜ್ಜಿಗೆ ಕುಡಿದು ಎದ್ದರು. ನನ್ನ ಕೈಯಲ್ಲಿ ಆ ಕಾಗದಗಳಿದ್ದವು, ಎಲ್ಲ ವರ್ಷವೂ ಪಾಸಾದ ಕಾಗದಗಳು. ತಮ್ಮನ ಗಾಡಿಯನ್ನು ಬಿಡಬೇಕು ಎಂಬುದು ನನಗೂ ಆಗ ಹೊಳೆಯಿತು. ಆದರೆ ಆಸೆಪಟ್ಟದ್ದು ಕೈಬಿಟ್ಟು ಹೋಯಿತಲ್ಲ, ಅದೂ ಇವರ ಎದುರಿಗೇ ಹೋಯಿತಲ್ಲ ಎಂದು ಕಾಗದಗಳನ್ನು ಮಡಚಿ ಜೇಬಿಗೆ ತುರುಕಿದೆ. ಮತ್ತೆ ಅಣ್ಣನ ಅಂಗಡಿ, ಮತ್ತೆ ಮಂದಿಯ ಚೀಲ ಕಾಯುವುದು. ಕಾಕಾ ಬೇಲಿಯ ಹತ್ತಿರ ನಿಂತು ನನ್ನ ಮುಖ ನೋಡಿದರು.

‘ಮಾರಿ ಯಾಕ ಸಣ್ಣದ ಮಾಡ್ತಿ, ತಮ್ಮಾ? ಕಾಗದ ಸುಳ್ಳಲ್ಲ. ಆದರ ಪಾಸ ಆದದ್ದು ಅಣ್ಣನ ಗಾಡಿ, ಅದೂ ವರ್ಷಾ ಎರಡೆರಡ ಸಲ. ಅದನ್ನ ಕೇಳೂಣು, ನಡಿ.’

ಅಣ್ಣನಿಗೆ ಗಿರಣಿಗೆ ಬಿದಿರು ಸಾಗಿಸಲು ಲಾರಿ ಕೊಳ್ಳುವ ಮನಸ್ಸಿತ್ತು, ಗಾಡಿ ಕೊಡಲು ಒಪ್ಪಿದ. ಗಾಡಿಯೇ ಇಲ್ಲದ ಮೇಲೆ ಗಾಲಿಯ ಜಗಳವೂ ಇಲ್ಲವೆಂದು ಅಣ್ಣತಮ್ಮ ಇಬ್ಬರನ್ನೂ ಒಂದೇ ಕಟ್ಟೆಯ ಮೇಲೆ ಕೂರಿಸಿ ಕಾಕಾ ಚಹಾ ಕುಡಿಸಿದರು. ಮುದುಕಿ ಅವರ ಕೈಯಲ್ಲಿ ಬೆಲ್ಲದ ಉಂಡಿ ಇಟ್ಟು ಹರಸಿದಳು. ಆಮೇಲೆ ನನ್ನ ಕಡೆ ತಿರುಗಿ, ‘ಈತ ಯಾರಪಾ, ನಿಮ್ಮ ಡ್ರಾಯವರೇನು?’ ಎಂದು ಕೇಳಿದಳು.

ಆ ಗಾಡಿ ನನ್ನನ್ನು ಅಕ್ಕಿ ಅಂಗಡಿಯಿಂದ ಬಿಡಿಸಿತು, ಇಲ್ಲವೆನ್ನುವುದಿಲ್ಲ. ಎಷ್ಟೋ ವರ್ಷ ಸ್ವಂತ ಗಾಲಿಯ ಮೇಲೆ ಹೋಗಿ ಪಾಸಾಗಿ ಬಂತು. ಒಂದು ವರ್ಷ ದೀಪದ ತಕರಾರಿಗೆ ನಾಪಾಸಾಯಿತು. ನಾನು ಜೋಲು ಮುಖ ಹಾಕಿಕೊಂಡು ಬಂದರೆ, ‘ಈಗ ನಂಬಿಕಿ ಬಂತ ನೋಡು’ ಎಂದು ಕಾಕಾ ಖುಷಿಪಟ್ಟರು. ಹೊಟ್ಟೆಗೆ ಬೆಂಕಿ ಬಿದ್ದದ್ದು ಇನ್ನೊಂದು ಕಾರಣಕ್ಕೆ. ಬೇರೆ ಗಾಡಿಗಳು ಖಾಲಿ ನಿಂತಿದ್ದರೂ ಜನ ನನ್ನದಕ್ಕೇ ಕಾಯುತ್ತಿದ್ದರು. ಬಸುರಿ ಹೆಣ್ಣುಮಕ್ಕಳನ್ನು ಕರೆದೊಯ್ಯಲು ನನ್ನ ಗಾಡಿಯೇ ಬೇಕು, ನಿಶ್ಚಯಕ್ಕೆ ಹೋಗುವ ಹಿರಿಯರಿಗೂ ಅದೇ ಬೇಕು. ನಾನು ಜೋಪಾನವಾಗಿ ಓಡಿಸುತ್ತೇನೆಂದು ಬರುತ್ತಿದ್ದಾರೆ ಎಂದುಕೊಂಡು ಬಹಳ ದಿನ ಎದೆಯುಬ್ಬಿಸಿಕೊಂಡು ತಿರುಗಿದೆ. ಕೊನೆಗೆ ಒಬ್ಬ ಗೌಡರನ್ನು ಕೇಳಿಯೇಬಿಟ್ಟೆ. ‘ಕಾಕಾ ನೋಡಿದ ಗಾಡಿ ಅಲ್ಲೇನ್ರಿ ಇದು? ಡ್ರಾಯವರ್ ಯಾರಿದ್ರೇನು’ ಎಂದರು. ಮರುದಿನವೇ ಪೇಂಟರನ್ನು ಕರೆಸಿ ಮುಂದಿನ ಗಾಜಿನ ಮೇಲೆ ನನ್ನ ಹೆಸರನ್ನು ದಪ್ಪಕ್ಷರದಲ್ಲಿ ಬರೆಸಿದೆ. ಅಕ್ಷರ ಚೆನ್ನಾಗಿದೆ, ಕಾಕಾ ಹೇಳಿ ಬರೆಸಿದರೇನು ಎಂದು ನೋಡಿದವರೆಲ್ಲ ಕೇಳಿದರು.

ಕಳೆದ ಚಳಿಗಾಲದಲ್ಲಿ ಅವರು ಅಂಗಡಿಯಲ್ಲಿ ಕೂತಲ್ಲೇ ಹೋದರು, ತೊಡೆಯ ಮೇಲೆ ಯಾರದೋ ಮದುವೆಯ ತಂಬಿಗೆ ಹಾಗೇ ಇತ್ತಂತೆ. ಅಂದು ಮುಂಡಗೋಡ, ಸಾಂಬ್ರಾಣಿ, ದಾಂಡೇಲಿ ಎಂದು ನಾನು ಬಿಡುವಿಲ್ಲದೆ ಜನರನ್ನು ತಂದು ತಂದು ಇಳಿಸಿದೆ. ಕಟ್ಟಿಗೆ ವ್ಯಾಪಾರಿ ಅಣ್ಣತಮ್ಮ ಇಬ್ಬರೂ ಜೊತೆಯಾಗಿ ಬಂದಿದ್ದರು. ಜೊಯಿಡಾದಿಂದ ಬಂದ ಒಬ್ಬರು ದಾರಿಯುದ್ದಕ್ಕೂ ಅಳುತ್ತಲೇ ಇದ್ದರು, ಅವರಿಗೂ ಕಾಕಾಗೂ ಏನು ಸಂಬಂಧವೋ ನಾನು ಕೇಳಲಿಲ್ಲ. ನಾನು ಸತ್ತರೆ ಇದರ ಕಾಲು ಭಾಗ ಜನ ಬಂದಾರೆಯೇ ಎಂದು ಯೋಚಿಸುತ್ತ ಓಡಿಸಿದೆ. ಬರುವುದಿದ್ದರೂ ಯಾವ ಗಾಡಿಯಲ್ಲಿ ಬಂದಾರು ಎಂಬ ಯೋಚನೆಯೂ ಬಂತು.

ಸಂಜೆ ಮಣ್ಣು ಮಾಡಿ ಮನೆಗೆ ಬಂದರೆ ನನ್ನ ಹೆಂಡತಿಯ ಕಣ್ಣು ಅತ್ತು ಅತ್ತು ಕೆಂಪಾಗಿದ್ದವು. ನನಗಾಗಿ ಅವಳು ಅಷ್ಟು ಅತ್ತದ್ದನ್ನು ನಾನು ನೋಡಿಲ್ಲ. ಊರಿನವರನ್ನೆಲ್ಲ ಪರೀಕ್ಷೆ ಮಾಡಿದ ಮನುಷ್ಯ, ನನ್ನ ಬಗ್ಗೆ ನಿಮ್ಮಪ್ಪನಿಗೆ ಏನು ಚಾಡಿ ಹೇಳಿದ್ದರೋ ಎಂದು ಗೊಣಗಿಕೊಂಡೇ ಅಂಗಿ ಬಿಚ್ಚಿದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ನನ್ನನ್ನೇ ನೋಡಿದಳು.

‘ನಮ್ಮಪ್ಪ ಆವಾಗ ನನಗ ಹೇಳಿದ್ರು’ ಎಂದಳು. ‘“ಹುಡುಗ ಹೊಟ್ಟಿಕಿಚ್ಚಿನಾವ. ಮಂದೀದು ಏನರ ಮೈಮ್ಯಾಲ ಹಾಕ್ಕೊಂಡ್ರ ಉರದ ಹೋಗ್ತಾನ. ಹಂಗಾಗಿ ಅವನ ಮೈಮ್ಯಾಲ ಇದ್ದದ್ದೆಲ್ಲಾ ಅವಂದ ಐತಿ. ಕಣ್ಣ ಮುಚ್ಚಿ ಕೊಡ್ರಿ” ಅಂತ ಕಾಕಾರು ಅಂದಿದ್ರಂತ.’

ನಾನು ಹಾಗೇ ಗೋಡೆಗೆ ಒರಗಿ ಕೂತೆ. ಅವರು ಹಿಡಿದು ತಿರುಗಿಸಿ ನೋಡಿದ ಎಡಗೈ ತೊಡೆಯ ಮೇಲಿತ್ತು. ಅದರಲ್ಲಿ ಈಗ ನನ್ನ ದುಡಿಮೆಯ ಗಡಿಯಾರವೊಂದು ಇದೆ. ಆ ದಿನವೆಲ್ಲ ಬಾರದ ಅಳು ಆಗ ಬಂತು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಅವಳನ್ನು ಕೇಳಿದೆ.

‘ಹೇಳಿದ್ರ ಅದಕ್ಕೂ ಉರೀತಿದ್ರಿ’ ಎಂದಳು.

ಉರಿದೆ. ಈಗಲೂ ಉರಿಯುತ್ತಿದ್ದೇನೆ. ನನ್ನ ಬಗ್ಗೆ ಈ ಊರಿನಲ್ಲಿ ಯಾರಾದರೂ ಆಡಿದ ಒಳ್ಳೆಯ ಮಾತು ಅದೊಂದೇ, ಅದನ್ನೂ ಅವರೇ ಆಡಿ ಹೋಗಿದ್ದಾರೆ.